ನೀಟ್ ಬರೆದಾಯ್ತು, ಸೀಟ್ ಸಿಗಲಿಲ್ಲ: ಈಗ ಯಾವ ಡಿಗ್ರಿಗೆ ಸೇರೋದು?

ಇವತ್ತಿನ ಮಾತು ಪಿಯುಸಿ ಸೈನ್ಸ್ ಮುಗಿಸಿದವರಿಗೆ. ಅವರ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಇಯರ್‌ಫೋನ್ ತೆಗೆದು ಸ್ಪೀಕರ್‌ಗೆ ಹಾಕಿ, ಅವರೂ ಕೇಳಲಿ.

ಶಿವಮೊಗ್ಗ ಕಡೆಯ ಒಬ್ಬ ಹುಡುಗಿ ವಾಯ್ಸ್ ನೋಟ್ ಕಳಿಸಿದ್ದಾಳೆ. ಎರಡು ಸಲ ನೀಟ್ ಬರೆದಿದ್ದಾಳೆ. ಎರಡೂ ಸಲ ಕ್ವಾಲಿಫೈ ಆಗಿದ್ದಾಳೆ, ಸೀಟ್ ಮಾತ್ರ ಇಲ್ಲ. ಅಪ್ಪ, "ಬಿಎಸ್ಸಿಗೆ ಸೇರ್ಕೋ, ಡಿಗ್ರಿ ಮುಗಿಸಿ ಆಮೇಲೆ ಮೆಡಿಕಲ್ ಮಾಡಬಹುದಂತೆ" ಅಂತಿದ್ದಾರೆ. ಚಿಕ್ಕಪ್ಪನ ಮಗಳು ಅಮೆರಿಕದಲ್ಲಿ ಹಾಗೇ ಮಾಡ್ತಿದ್ದಾಳಂತೆ. ಅವಳ ಪ್ರಶ್ನೆ: "ಮುಂದೆ ಡಾಕ್ಟರ್ ಆಗೋ ಆಸೆ ಇಟ್ಕೊಂಡು ಈಗ ಯಾವ ಕೋರ್ಸ್ ತಗೊಂಡ್ರೆ ಉಪಯೋಗ?"

ಮೊದಲು ಆ ಅಮೆರಿಕದ ವಿಷಯ ಬಿಡಿಸೋಣ, ಯಾಕಂದ್ರೆ ಗೊಂದಲ ಶುರುವಾಗೋದೇ ಅಲ್ಲಿಂದ. ಅಮೆರಿಕದಲ್ಲಿ ಮೆಡಿಕಲ್ ಕಾಲೇಜಿಗೆ ಹೋಗೋದು ಡಿಗ್ರಿ ಆದ ಮೇಲೆ. ನಾಲ್ಕು ವರ್ಷ ಡಿಗ್ರಿ, ಎಂಕ್ಯಾಟ್ ಅನ್ನೋ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ಆ ಡಿಗ್ರಿ ಬಯಾಲಜಿಯಲ್ಲೇ ಆಗಬೇಕು ಅಂತಿಲ್ಲ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ನ ಬೇಕಾದ ಪೇಪರ್‌ಗಳನ್ನ ಲ್ಯಾಬ್ ಸಮೇತ ಮುಗಿಸಿಕೊಂಡ್ರೆ, ಇತಿಹಾಸ ಓದಿದವರೂ ಸಂಗೀತ ಓದಿದವರೂ ಅರ್ಜಿ ಹಾಕಬಹುದು. ಹಾಗಾಗಿ ಅಲ್ಲಿಯ ಮಕ್ಕಳಿಗೆ "ಯಾವ ಡಿಗ್ರಿ ಓದಿದ್ರೆ ಮೆಡಿಕಲ್‌ಗೆ ಒಳ್ಳೇದು" ಅನ್ನೋದು ನಿಜವಾದ ಪ್ರಶ್ನೆ.

ಹಾಗಂತ ಇಲ್ಲಿ ಬಿಎಸ್ಸಿ ಮುಗಿಸಿ ಅಲ್ಲಿಗೆ ಹೋಗಿ ಮೆಡಿಕಲ್ ಸೇರ್ತೀನಿ ಅಂದ್ರೆ, ದಾರಿ ತುಂಬಾ ಕಿರಿದು. ಅಲ್ಲಿನ ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳು ಅಮೆರಿಕ ಅಥವಾ ಕೆನಡಾದ ಕಾಲೇಜಿನಲ್ಲಿ ಓದಿರಬೇಕು ಅಂತ ಕೇಳ್ತವೆ. ಹೊರದೇಶದವರನ್ನ ತಗೊಳ್ಳೋ ಸ್ಕೂಲ್‌ಗಳೇ ಕಡಿಮೆ, ಅವರಿಗೆ ಅಲ್ಲಿನ ಸರ್ಕಾರದ ಶಿಕ್ಷಣ ಸಾಲವೂ ಇಲ್ಲ. ಅಲ್ಲೇ ಬೆಳೆದ ನಮ್ಮ ಕನ್ನಡದ ಮಕ್ಕಳಿಗೂ, ಅಪ್ಪ ಅಮ್ಮ ಇನ್ನೂ ಕೆಲಸದ ವೀಸಾದಲ್ಲೇ ಇದ್ದು ಗ್ರೀನ್ ಕಾರ್ಡ್ ಬಂದಿಲ್ಲ ಅಂದ್ರೆ ಇದೇ ಕಷ್ಟ. ಅದು ಇನ್ನೊಂದು ದಿನ ಮಾತಾಡೋ ವಿಷಯ. ಇಲ್ಲಿಂದ ಅಮೆರಿಕಕ್ಕೆ ಹೋಗೋ ಡಾಕ್ಟರ್‌ಗಳು ಸಾಮಾನ್ಯವಾಗಿ ಹೋಗೋದು ಎಂಬಿಬಿಎಸ್ ಮುಗಿಸಿ, ಯುಎಸ್‌ಎಂಎಲ್‌ಇ ಬರೆದು, ರೆಸಿಡೆನ್ಸಿಗೆ.

ಈಗ ನಮ್ಮೂರಿಗೆ ಬರೋಣ. ಭಾರತದಲ್ಲಿ ಎಂಬಿಬಿಎಸ್‌ಗೆ ಬಾಗಿಲು ಒಂದೇ, ನೀಟ್. ಅದಕ್ಕೆ ಬೇಕಾಗಿರೋದು ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ. ನೀವು ಬಿಎಸ್ಸಿಯಲ್ಲಿ ಗೋಲ್ಡ್ ಮೆಡಲ್ ತಗೊಂಡ್ರೂ ಆ ಮಾರ್ಕ್ಸ್ ನೀಟ್ ರ‍್ಯಾಂಕಿಗೆ ಸೇರಲ್ಲ. ಬಿಎಸ್ಸಿ ಆದವರನ್ನ ನೇರ ಎರಡನೇ ವರ್ಷದ ಎಂಬಿಬಿಎಸ್‌ಗೆ ತಗೊಳ್ಳೋ ಪದ್ಧತಿ ಇಲ್ಲಿಲ್ಲ. ನರ್ಸಿಂಗ್ ಮಾಡಿದವರಿಗೂ ಫಾರ್ಮಸಿ ಮಾಡಿದವರಿಗೂ ಇಲ್ಲ. ಎಲ್ಲರೂ ಮೊದಲ ವರ್ಷದಿಂದಲೇ, ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಂದ್ರೆ ಆ ಅಪ್ಪ ಹೇಳಿದ "ಡಿಗ್ರಿ ಮುಗಿಸಿ ಮೆಡಿಕಲ್" ಅನ್ನೋ ಮೆಟ್ಟಿಲು ನಮ್ಮಲ್ಲಿಲ್ಲ. ಡಿಗ್ರಿ ಓದ್ತಾನೇ ನೀಟ್ ಬರೀಬಹುದು, ಅಷ್ಟೇ. ವಯಸ್ಸಿನ ಮೇಲ್ಮಿತಿಯನ್ನ 2022ರಲ್ಲಿ ತೆಗೆದಿದ್ದಾರೆ, ಇಷ್ಟೇ ಸಲ ಬರೀಬೇಕು ಅನ್ನೋ ನಿಯಮವೂ ಇಲ್ಲ. ಇದು ಅನುಕೂಲ ಹೌದು. ಆದ್ರೆ ನಾಲ್ಕನೇ ಸಲ, ಐದನೇ ಸಲ ಅಂತ ಹುಡುಗರನ್ನ ಕಟ್ಟಿ ಹಾಕಿರೋದೂ ಇದೇ.

ಕ್ವಾಲಿಫೈ ಅನ್ನೋ ಪದದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 2025ರಲ್ಲಿ ನೀಟ್ ಬರೆದವರು 22 ಲಕ್ಷ ಚಿಲ್ಲರೆ. ಕ್ವಾಲಿಫೈ ಆದವರು 12 ಲಕ್ಷಕ್ಕೂ ಹೆಚ್ಚು. ದೇಶದ ಒಟ್ಟು ಎಂಬಿಬಿಎಸ್ ಸೀಟು ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ಅಂದ್ರೆ ಕ್ವಾಲಿಫೈ ಆದ ಹತ್ತು ಜನರಲ್ಲಿ ಒಬ್ಬರಿಗೆ ಸೀಟು, ಅದರಲ್ಲೂ ದುಡ್ಡಿನ ಸೀಟು ಸೇರಿಸಿ. ಮನೆಯಲ್ಲಿ "ನಮ್ಮ ಹುಡುಗಿ ನೀಟ್ ಪಾಸು" ಅಂತ ಊರಿಗೆಲ್ಲ ಹೇಳಿಬಿಟ್ಟಿರ್ತಾರೆ, ಆಮೇಲೆ ಸೀಟ್ ಯಾಕಿಲ್ಲ ಅಂತ ನೆಂಟರು ಕೇಳ್ತಾರೆ. ಆ ಸಂಕಟ ಅನುಭವಿಸಿದವರಿಗೇ ಗೊತ್ತು.

ಇನ್ನೊಂದು, ಮಾರ್ಕ್ಸ್ ನೋಡಿ ಲೆಕ್ಕ ಹಾಕಬೇಡಿ, ರ‍್ಯಾಂಕ್ ನೋಡಿ. 2024ರ ಮೊದಲ ಫಲಿತಾಂಶದಲ್ಲಿ 720ಕ್ಕೆ 720 ಬಂದವರೇ 67 ಜನ ಇದ್ರು. 2025ರಲ್ಲಿ ಪೇಪರ್ ಕಷ್ಟ, ಟಾಪರ್‌ಗೆ ಬಂದಿದ್ದೇ 686. "ಹೋದ ವರ್ಷಕ್ಕಿಂತ 40 ಮಾರ್ಕ್ಸ್ ಕಮ್ಮಿ ಆಯ್ತು" ಅಂತ ಅಳೋ ಮೊದಲು ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ಪಟ್ಟಿ ತೆಗೀರಿ. ನಿಮ್ಮ ಕೆಟಗರಿ, ಕನ್ನಡ ಮಾಧ್ಯಮ, ಗ್ರಾಮೀಣ, 371ಜೆ, ಏನೇನು ಅನ್ವಯ ಆಗುತ್ತೋ ಅದೆಲ್ಲ ಇಟ್ಟು, ಕೊನೆ ಸುತ್ತಿನ ರ‍್ಯಾಂಕ್‌ಗೂ ನಿಮ್ಮ ರ‍್ಯಾಂಕ್‌ಗೂ ಎಷ್ಟು ಅಂತರ ಅಂತ ಬರೆದಿಡಿ. ಫೀಸಿನ ಅಂತರವೂ ಗೊತ್ತಿರಲಿ. ಸರ್ಕಾರಿ ಕಾಲೇಜಲ್ಲಿ ವರ್ಷಕ್ಕೆ ಲಕ್ಷದ ಒಳಗೆ, ಪ್ರೈವೇಟ್ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಆಸುಪಾಸು, ಅದೇ ಕಾಲೇಜಿನ ಪ್ರೈವೇಟ್ ಸೀಟಿಗೆ ಹತ್ತು ಲಕ್ಷ ದಾಟುತ್ತೆ. ಒಂದೇ ಕ್ಲಾಸು, ಒಂದೇ ಬೆಂಚು.

ಇನ್ನೊಂದು ವರ್ಷ ಡ್ರಾಪ್ ತಗೊಳ್ಳೋದಾ? ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದೇ ಇರಬಹುದು. ಮೊದಲ ಸಲ ಪಿಯುಸಿ ಜೊತೆಗೇ ಬರೆದವರು ಒಂದು ವರ್ಷ ಡ್ರಾಪ್ ತಗೊಂಡ್ರೆ ತಪ್ಪಿಲ್ಲ, ಅಂತರ ಚಿಕ್ಕದಿದ್ರೆ ಖಂಡಿತ ಮಾಡಿ. ಎರಡನೇ ಡ್ರಾಪ್ ಬರೀ ಡ್ರಾಪ್ ಆಗಿರಬಾರದು. ಯಾವುದಾದ್ರೂ ಕೋರ್ಸಿಗೆ ಸೇರಿ, ಅದರ ಜೊತೆಗೆ ಬರೀರಿ. ಯಾಕಂದ್ರೆ ಎರಡನೇ ವರ್ಷ ರೂಮಲ್ಲಿ ಒಬ್ಬರೇ ಕೂತಾಗ ಸಿಲಬಸ್ಸಿಗಿಂತ ಹೆಚ್ಚು ಕಾಡೋದು ಒಂಟಿತನ. ಫ್ರೆಂಡ್ಸ್ ಎಲ್ಲ ಎರಡನೇ ವರ್ಷದ ಡಿಗ್ರಿಯ ಸ್ಟೇಟಸ್ ಹಾಕ್ತಿರ್ತಾರೆ, ನೀವಿನ್ನೂ ಅದೇ ಹ್ಯೂಮನ್ ಫಿಸಿಯಾಲಜಿ ಚಾಪ್ಟರ್.

ಹಾಗಾದ್ರೆ ಯಾವ ಕೋರ್ಸ್? ಇಲ್ಲಿ ಎರಡು ದಾರಿ ಇದೆ, ಎರಡನ್ನೂ ಕಲಸಬೇಡಿ.

ನೀಟ್‌ಗೆ ಓದೋಕೆ ಸಮಯ ಬೇಕು ಅನ್ನೋರಿಗೆ ಮನೆ ಹತ್ತಿರದ ಫಸ್ಟ್ ಗ್ರೇಡ್ ಕಾಲೇಜಲ್ಲಿ ಬಿಎಸ್ಸಿ ಒಳ್ಳೇದು. ಫೀಸು ಕಡಿಮೆ, ಕೆಮಿಸ್ಟ್ರಿ ಜೊತೆ ಬಾಟನಿ, ಝುವಾಲಜಿ ಅಥವಾ ಬಯೋಟೆಕ್ನಾಲಜಿ ಸಿಗುತ್ತೆ, ವಿಷಯ ಕೈ ತಪ್ಪಲ್ಲ. ರಾಜ್ಯದಲ್ಲಿ ಈಗ ಮತ್ತೆ ಮೂರು ವರ್ಷದ ಡಿಗ್ರಿ. ಅಟೆಂಡೆನ್ಸ್ ಮಾತ್ರ 75 ಪರ್ಸೆಂಟ್ ಬೇಕು, ಲ್ಯಾಬ್ ರೆಕಾರ್ಡ್ ಬರೀಬೇಕು, ಪೂರ್ತಿ ಪುಕ್ಕಟೆ ಸಮಯ ಅಂದ್ಕೋಬೇಡಿ. ಮುಂದೆ ನೀಟ್ ಆಗದಿದ್ರೆ? ಎಂಎಸ್ಸಿ, ಬಿಇಡಿ, ಪಬ್ಲಿಕ್ ಹೆಲ್ತ್, ಮೆಡಿಕಲ್ ಕಾಲೇಜುಗಳಲ್ಲೇ ನಡೆಯೋ ಮೆಡಿಕಲ್ ಬಯೋಕೆಮಿಸ್ಟ್ರಿ, ಅನಾಟಮಿ ಎಂಎಸ್ಸಿ. ನಿಮಗೆ ಇಷ್ಟ ಇರೋದು ರೋಗಿಗಿಂತ ರೋಗದ ಮೇಲೆ, ಅಂದ್ರೆ ವೈರಸ್ ಹೇಗೆ ಕೆಲಸ ಮಾಡುತ್ತೆ ಅನ್ನೋದರ ಮೇಲೆ ಅಂದ್ರೆ ಐಸರ್ ಪ್ರವೇಶ ಪರೀಕ್ಷೆ ಕಡೆ ನೋಡಿ. ಎಷ್ಟೋ ಹುಡುಗರು ಡಾಕ್ಟರ್ ಆಗಬೇಕು ಅನ್ನೋದು ಬಯಾಲಜಿ ಇಷ್ಟಕ್ಕೆ, ಆಸ್ಪತ್ರೆ ಇಷ್ಟಕ್ಕಲ್ಲ.

ಆಸ್ಪತ್ರೆಯೇ ಬೇಕು ಅನ್ನೋರಿಗೆ ಎರಡನೇ ದಾರಿ: ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮ್ ಡಿ, ಅಲೈಡ್ ಹೆಲ್ತ್. ಇಲ್ಲಿ ನೀಟ್‌ಗೆ ಅಂತ ಸಮಯ ಉಳಿಯಲ್ಲ, ಕ್ಲಿನಿಕಲ್ ಪೋಸ್ಟಿಂಗ್ ಶುರುವಾದ್ರೆ ಬೆಳಗ್ಗೆಯಿಂದ ಕಾಲ ಮೇಲೇ ಇರಬೇಕು. ಇದಕ್ಕೆ ಸೇರೋದಾದ್ರೆ ಇದನ್ನೇ ಮಾಡ್ತೀನಿ ಅಂತ ಸೇರಿ. ನರ್ಸಿಂಗ್ ಅಂದ ತಕ್ಷಣ ಮುಖ ಸಿಂಡರಿಸೋ ಮನೆಗಳಿವೆ, ಗೊತ್ತು. ಐಸಿಯುನಲ್ಲಿ ರಾತ್ರಿ ಮೂರು ಗಂಟೆಗೆ ರೋಗಿಯ ಉಸಿರಾಟ ಬದಲಾಗಿದ್ದನ್ನ ಮೊದಲು ಗಮನಿಸೋದು ಸಾಮಾನ್ಯವಾಗಿ ನರ್ಸ್. ಪರ್ಫ್ಯೂಷನ್ ಟೆಕ್ನಾಲಜಿ ಅಂತ ಒಂದಿದೆ, ಹೆಸರೇ ಕೇಳಿರಲ್ಲ ನೀವು. ತೆರೆದ ಹೃದಯದ ಆಪರೇಷನ್ ನಡೆಯುವಾಗ ರೋಗಿಯ ರಕ್ತ ಹೊರಗಿನ ಯಂತ್ರದಲ್ಲಿ ಓಡ್ತಿರುತ್ತೆ, ಆ ಯಂತ್ರ ನಡೆಸೋರು ಇವರು.

ಸೇರೋ ಮೊದಲು ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ಬೇರೆ ಮಾನ್ಯ ವಿಶ್ವವಿದ್ಯಾಲಯಕ್ಕೋ ಸೇರಿದೆಯಾ, ನರ್ಸಿಂಗ್ ಆದ್ರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ ನೋಡಿ. ಅದರ ಆಸ್ಪತ್ರೆಗೆ ಸುಮ್ಮನೆ ಒಂದು ಬೆಳಗ್ಗೆ ಹೋಗಿ ಒಪಿಡಿಯಲ್ಲಿ ಕೂತ್ಕೊಳ್ಳಿ. ಅಲ್ಲಿ ರೋಗಿಗಳೇ ಇಲ್ಲ ಅಂದ್ರೆ ನೀವು ಕಲಿಯೋದು ಯಾರ ಮೇಲೆ?

ಬಿಡಿಎಸ್, ಆಯುರ್ವೇದ, ಹೋಮಿಯೋಪತಿಗೂ ನೀಟ್ ರ‍್ಯಾಂಕೇ. ಆಯುರ್ವೇದದಲ್ಲಿ ನಂಬಿಕೆ ಇಟ್ಟು ಬಿಎಎಂಎಸ್ ಸೇರಿದವರು ಚೆನ್ನಾಗೇ ಇದ್ದಾರೆ. "ಹೇಗೂ ಹೆಸರಿನ ಹಿಂದೆ ಡಾಕ್ಟರ್ ಬರುತ್ತಲ್ಲ" ಅಂತ ಸೇರಿದವರು ಮೂರನೇ ವರ್ಷಕ್ಕೆ ಒದ್ದಾಡ್ತಾರೆ. ವೆಟರ್ನರಿ ಬಗ್ಗೆ ಯಾಕೋ ಯಾರೂ ಕೇಳಲ್ಲ. ಆ ಹುಡುಗಿಯ ಊರಲ್ಲೇ ಕಾಲೇಜಿದೆ, ಹಾಸನ, ಬೀದರ್, ಹೆಬ್ಬಾಳದಲ್ಲೂ ಇದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಸರ್ಜರಿ, ಮೆಡಿಸಿನ್, ಎಲ್ಲ ಇದೆ. ರೋಗಿ ಮಾತ್ರ ಎಲ್ಲಿ ನೋವು ಅಂತ ಹೇಳಲ್ಲ. ನನ್ನನ್ನ ಕೇಳಿದ್ರೆ, ಡಾಕ್ಟರ್ ಕೆಲಸಕ್ಕೆ ಅತಿ ಹತ್ತಿರದ ಇನ್ನೊಂದು ಕೆಲಸ ಇದೇ.

ಇನ್ನು ಏಜೆಂಟ್ ಫೋನುಗಳು. ರಿಸಲ್ಟ್ ಬಂದ ವಾರದಲ್ಲೇ ಶುರು, ವಿದೇಶದಲ್ಲಿ ಕಡಿಮೆ ಫೀಸಿಗೆ ಎಂಬಿಬಿಎಸ್ ಅಂತ. ಮುಂದೆ ಭಾರತದಲ್ಲಿ ಪ್ರಾಕ್ಟೀಸ್ ಮಾಡಬೇಕಂದ್ರೆ ನೀಟ್ ಕ್ವಾಲಿಫೈ ಆಗಿರಬೇಕು, ಕೋರ್ಸ್ ಕನಿಷ್ಠ 54 ತಿಂಗಳು ಇಂಗ್ಲಿಷಿನಲ್ಲಿ ನಡೀಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. 2021ರ ನಿಯಮ ಇದು. ವಾಪಸ್ ಬಂದ ಮೇಲೆ ಇಲ್ಲಿ ಪರೀಕ್ಷೆ ಪಾಸಾಗಿ, ಮತ್ತೆ ಇಂಟರ್ನ್‌ಶಿಪ್. ಈ ಒಂದೊಂದಕ್ಕೂ ಏಜೆಂಟ್ ಹತ್ತಿರ ಲಿಖಿತ ಉತ್ತರ ಕೇಳಿ. ಫೋನ್ ಬರೋದು ತಾನಾಗೇ ನಿಲ್ಲಬಹುದು.

ಕೊನೆಗೆ ಒಂದು ಆಫೀಸ್ ಕೆಲಸದ ಮಾತು. ಯಾವ ಕೋರ್ಸಿಗೇ ಸೇರಿ, ಅದನ್ನ ಮಧ್ಯದಲ್ಲಿ ಬಿಟ್ಟು ಮುಂದಿನ ವರ್ಷ ಎಂಬಿಬಿಎಸ್‌ಗೆ ಹೋದ್ರೆ ಟಿಸಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾವಾಗ ಕೊಡ್ತಾರೆ, ಉಳಿದ ವರ್ಷಗಳ ಫೀಸು ಕೇಳ್ತಾರಾ ಅಂತ ಅಡ್ಮಿಷನ್ ದಿನವೇ ಕೇಳಿ, ಬರೆಸ್ಕೊಳ್ಳಿ. ಕೌನ್ಸೆಲಿಂಗಿನ ಕೊನೆ ಸುತ್ತುಗಳಲ್ಲಿ ಸಿಕ್ಕ ಸೀಟು ಬಿಟ್ಟರೆ ದಂಡ ಬೀಳಬಹುದು, ಮುಂದಿನ ವರ್ಷಕ್ಕೂ ತೊಡಕಾಗಬಹುದು. ಹಾಗಾಗಿ ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ಆ ಪುಟ ಓದದೆ ಆಪ್ಷನ್ ಎಂಟ್ರಿ ಮಾಡಬೇಡಿ. ಒರಿಜಿನಲ್‌ಗಳನ್ನ ಕೊಡೋ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ, ನಾಲ್ಕು ಸೆಟ್ ಜೆರಾಕ್ಸ್ ಮನೆಯಲ್ಲಿಟ್ಕೊಳ್ಳಿ.