ಭಟ್ಟಿಯ ಮುಂದೆ ನಿಲ್ಲುವ ಮೊದಲು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ. ಏಳನೆಯ ಇಯತ್ತೆಯ ತನಕ ಕಲಿತು, ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವುದರಿಂದ ಹಿಡಿದು ದೋಸೆ ಕಾವಲಿಯ ತನಕ ದುಡಿದವನು. ಒಂದು ಬೇಸಿಗೆಯಲ್ಲಿ ನಮ್ಮ ಜತೆಯ ಹುಡುಗನೊಬ್ಬ ಕೆಲಸಕ್ಕೆ ನಿಲ್ಲುವ ಮೊದಲು ಅಡಿಗೆ ಸೋಡಾವನ್ನು ನೀರಿನಲ್ಲಿ ಕದಡಿ ಕುಡಿದ. "ಓಟಗಾರರು ಕುಡಿಯುತ್ತಾರಂತೆ, ದಣಿವೇ ಆಗುವುದಿಲ್ಲವಂತೆ" ಎಂದ. ಸ್ವಲ್ಪ ಹೊತ್ತಿನಲ್ಲೇ ವಾಂತಿ, ಭೇದಿ. ಮೈಯಲ್ಲಿದ್ದ ನೀರೂ ಹೋಯಿತು, ಆ ದಿನದ ಕೂಲಿಯೂ ಹೋಯಿತು.

ಅವನು ಕೇಳಿದ್ದು ಪೂರ್ತಿ ಸುಳ್ಳಲ್ಲ. ಬಿರುಸಾಗಿ ಓಡುವಾಗ ಸ್ನಾಯುಗಳಲ್ಲಿ ಆಮ್ಲ ಹುಟ್ಟುತ್ತದೆ. ರಕ್ತದಲ್ಲಿರುವ ಬೈಕಾರ್ಬೊನೇಟ್ ಎಂಬ ಕ್ಷಾರವು ಅದನ್ನು ತಡೆದುಕೊಳ್ಳುತ್ತದೆ. ಸೋಡಾ ಕುಡಿದರೆ ಆ ಕ್ಷಾರ ಹೆಚ್ಚುತ್ತದೆ. ಆದರೆ ಅದರ ಉಪಯೋಗ ಕೆಲವೇ ನಿಮಿಷಗಳ ಓಟಕ್ಕೆ. ನಮ್ಮದು ಎಂಟು ಹತ್ತು ಗಂಟೆಗಳ ದುಡಿತ. ಇಲ್ಲಿ ಮನುಷ್ಯನನ್ನು ಕೆಡವುವುದು ಆಮ್ಲವಲ್ಲ. ಸೆಕೆ, ಮತ್ತು ಬೆವರಿನೊಡನೆ ಹೋಗುವ ನೀರು, ಉಪ್ಪು.

ನೀರನ್ನು ಮೈಯಲ್ಲಿ ಹಿಡಿದಿಡಲೆಂದು ಕ್ರೀಡಾಪಟುಗಳು ಗ್ಲಿಸರಿನ್ ಕುಡಿಯುವುದೂ ಉಂಟು. ಅದರಿಂದ ತಲೆನೋವು, ಹೊಟ್ಟೆ ತೊಳಸು ಬರಬಹುದು. ನಮಗೆ ಅದು ಬೇಡ. ನೀರನ್ನು ಹಿಡಿದಿಡುವ ವಸ್ತು ನಮ್ಮ ಉಪ್ಪಿನ ಭರಣಿಯಲ್ಲೇ ಇದೆ. ಬರಿಯ ನೀರನ್ನು ಒಮ್ಮೆಗೇ ಕುಡಿದರೆ ಬಹುಪಾಲು ಮೂತ್ರವಾಗಿ ಹೋಗುತ್ತದೆ. ಸ್ವಲ್ಪ ಉಪ್ಪಿದ್ದರೆ ಹೆಚ್ಚು ಹೊತ್ತು ನಿಲ್ಲುತ್ತದೆ. 1923ರಲ್ಲಿ ಮಾಸ್ ಎಂಬವರು ಇಂಗ್ಲೆಂಡಿನ ಕಲ್ಲಿದ್ದಲ ಗಣಿಯ ಕೂಲಿಗಳ ಸ್ನಾಯುಸೆಳೆತಕ್ಕೆ ಇದೇ ಕಾರಣವೆಂದು ಬರೆದರು: ಬೆವರಿನಲ್ಲಿ ಉಪ್ಪು ಹೋಗುತ್ತದೆ, ಅವರು ಬರಿಯ ನೀರು ಕುಡಿಯುತ್ತಾರೆ. ನಮ್ಮ ಹಿರಿಯರು ಗದ್ದೆಗೆ ಇಳಿಯುವ ಮೊದಲು ಉಪ್ಪು ಹಾಕಿದ ಗಂಜಿಯನ್ನು ತಿಳಿಯ ಸಮೇತ ಉಣ್ಣುತ್ತಿದ್ದುದು ಸುಮ್ಮನೆ ಅಲ್ಲ.

ಆದುದರಿಂದ ಕೆಲಸಕ್ಕೆ ಒಂದೆರಡು ಗಂಟೆ ಮೊದಲು ಎರಡು ಲೋಟ ಗಂಜಿತಿಳಿಯನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಕುಡಿಯಿರಿ. ಸೆಕೆಯಲ್ಲಿ ದುಡಿಯುವಾಗ 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಬೇಕು. ಹೊತ್ತಿನ ಊಟ ತಪ್ಪಿಸಬೇಡಿ. ಹೋದ ಉಪ್ಪು ಬಹುಮಟ್ಟಿಗೆ ಊಟದಿಂದಲೇ ತುಂಬುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ ಇರುವವರು ಡಾಕ್ಟರರನ್ನು ಕೇಳದೆ ಉಪ್ಪು ಹೆಚ್ಚಿಸಕೂಡದು.

"20 ನಿಮಿಷಕ್ಕೊಮ್ಮೆ ನಮ್ಮನ್ನು ಯಾರು ಬಿಡುತ್ತಾರೆ?" ಎಂದು ನೀವು ಕೇಳುವಿರಿ. ಮುಖ್ಯ ಪ್ರಶ್ನೆ ಅದೇ. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಬೇಸಿಗೆಗೆ ತಂಪು ನೀರು ಒದಗಿಸತಕ್ಕದ್ದೆಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿತ್ತು. ಮಿಲ್ಲಿನ ಬಂಧುಗಳಿಗೆ ಅದು ಗೊತ್ತು. ಹತ್ತು ಜನರ ಹೋಟೆಲ್ ಅಡಿಗೆಮನೆಗೆ ಆ ಮಾತು ತಲುಪಲಿಲ್ಲ. ಅಲ್ಲಿ ನೀರಿಗೆ ಹೋದವನನ್ನು ಕೆಲಸಗಳ್ಳನಂತೆ ನೋಡುತ್ತಾರೆ. ಒಬ್ಬನೇ ಕೇಳಿದರೆ ಬೈಗಳು ಸಿಗುತ್ತದೆ; ಎಲ್ಲರೂ ಕೂಡಿ ಕೇಳಬೇಕು.

ಒಂದು ವಿಜ್ಞಾಪನೆ. ಮುಂದಿನ ಸಭೆಗೆ ಬರುವಾಗ, ನಿಮ್ಮ ನಿಮ್ಮ ಭಟ್ಟಿಯಿಂದ ಕುಡಿಯುವ ನೀರು ಎಷ್ಟು ಹೆಜ್ಜೆ ದೂರವಿದೆಯೆಂದು ಎಣಿಸಿಕೊಂಡು ಬನ್ನಿ. ನಮ್ಮ ಬೇಡಿಕೆಯ ಪತ್ರವನ್ನು ಅಲ್ಲಿಂದಲೇ ಶುರುಮಾಡೋಣ.