ಚೀನದ ಕುಂಚಕಲೆ

ಅಕ್ಷರವನ್ನು ಬರೆಯುವುದು ಎನ್ನುವಂತೆಯೇ ಚಿತ್ರವನ್ನು ಬರೆಯುವುದು ಎಂದೂ ನಾವು ಕನ್ನಡದಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಈ ಎರಡು ಕೆಲಸಗಳಿಗೆ ಬೇರೆ ಬೇರೆ ಮಾತುಗಳುಂಟು. ನಮಗೆ ಒಂದೇ ಮಾತು ಸಾಕಾಗಿದೆ. ನಮ್ಮಲ್ಲಿ ಇದು ಬಹುಮಟ್ಟಿಗೆ ಭಾಷೆಯ ರೂಢಿ. ಚೀನ ದೇಶದಲ್ಲಾದರೋ ಇದು ಕಲೆಯ ಮೂಲತತ್ತ್ವ. ಅಲ್ಲಿಯ ವಿದ್ವಾಂಸನು ಪದ್ಯವನ್ನು ಬರೆಯುತ್ತಿದ್ದುದೂ ಬೆಟ್ಟವನ್ನು ಚಿತ್ರಿಸುತ್ತಿದ್ದುದೂ ಒಂದೇ ಕುಂಚದಿಂದ, ಒಂದೇ ಮಸಿಯಿಂದ. ಚಿತ್ರವನ್ನು ಕಣ್ಣಿಗೆ ತೋರಿಸುವ ಶಕ್ತಿ ರೇಡಿಯೋವಿಗೆ ಇಲ್ಲ. ಆದರೂ ಆ ಕುಂಚದ ನಡೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬಹುದೆಂದು ನನ್ನ ನಂಬಿಕೆ.

ನಮ್ಮಲ್ಲಿ ವಿದ್ಯಾವಂತರಾದವರಿಗೆ ಚಿತ್ರವೆಂದೊಡನೆ ಪಾಶ್ಚಾತ್ಯರ ತೈಲಚಿತ್ರವೋ, ಆ ಮಾರ್ಗದಲ್ಲಿಯೇ ನಡೆದ ರವಿವರ್ಮನ ಚಿತ್ರವೋ ಮನಸ್ಸಿಗೆ ಬರುತ್ತದೆ. ಆ ಅಭ್ಯಾಸದ ಕಣ್ಣಿನಿಂದ ಚೀನೀಯರ ಮಸಿಚಿತ್ರವನ್ನು ನೋಡಿದರೆ ಅನೇಕ ಶಂಕೆಗಳು ಏಳುವುವು. ಮರವೇನೋ ಇದೆ; ಅದರ ನೆರಳೆಲ್ಲಿ? ಅರ್ಧ ಕಾಗದವನ್ನು ಬರಿದಾಗಿ ಬಿಟ್ಟುದೇಕೆ? ಈ ಪ್ರಶ್ನೆಗಳಿಗೆ ಉತ್ತರದ ಸುಳಿವು ಕ್ರಿ. ಶ. ಆರನೆಯ ಶತಮಾನದಲ್ಲಿದ್ದ ಷಿಯೆ ಹ ಎಂಬ ವಿಮರ್ಶಕನ ಆರು ಸೂತ್ರಗಳಲ್ಲಿ ದೊರೆಯುತ್ತದೆ. ಅವುಗಳಲ್ಲಿ ಮೊದಲನೆಯದು, ಚಿತ್ರದಲ್ಲಿ ಜೀವಕಳೆಯ ಸ್ಪಂದನವಿರಬೇಕು ಎಂಬುದು. ಎರಡನೆಯದು, ಕುಂಚದ ಗೆರೆಗೆ ಎಲುಬಿನ ಗಟ್ಟಿತನವಿರಬೇಕು ಎಂಬುದು. ವಸ್ತುವಿನ ಹೋಲಿಕೆಯ ಮಾತು ಬರುವುದು ಮೂರನೆಯ ಸೂತ್ರದಲ್ಲಿ. ಬಣ್ಣದ ಮಾತು ಆಮೇಲೆ. ಪೂರ್ವಿಕರ ಕೃತಿಗಳನ್ನು ಪ್ರತಿಮಾಡಿ ಮುಂದಿನವರಿಗೆ ಒಪ್ಪಿಸಬೇಕೆಂಬುದು ಕೊನೆಯ ಸೂತ್ರ. ಚಿತ್ರಕ್ಕೂ ವಸ್ತುವಿಗೂ ಇರುವ ಹೋಲಿಕೆಗಿಂತ ಗೆರೆಯ ಪ್ರಾಣವೇ ಹೆಚ್ಚಿನದೆಂಬ ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದು ಸುಲಭವಾಗುತ್ತದೆ. ಬರಿದಾಗಿ ಬಿಟ್ಟ ಕಾಗದವೂ ಶೂನ್ಯವಲ್ಲ. ಪಕ್ಕದ ಗೆರೆಯ ಬಲದಿಂದ ಅದು ಮಂಜಾಗುತ್ತದೆ, ಹೊಳೆಯಾಗುತ್ತದೆ, ಆಕಾಶವಾಗುತ್ತದೆ.

ಗೆರೆಗೆ ಇಷ್ಟು ಮಹತ್ತ್ವ ಬಂದುದಕ್ಕೆ ಉಪಕರಣಗಳೂ ಕಾರಣ. ಅಲ್ಲಿಯ ಮಸಿ ದ್ರವವಲ್ಲ, ಬಿಲ್ಲೆ. ದೇವದಾರು ಜಾತಿಯ ಮರವನ್ನೋ ಎಣ್ಣೆಯನ್ನೋ ಉರಿಸಿ ಹಿಡಿದ ಕಾಡಿಗೆಗೆ ಅಂಟನ್ನು ಬೆರಸಿ ಅದನ್ನು ಮಾಡುತ್ತಾರೆ. ನಾವು ಗಂಧವನ್ನು ತೇಯುವಂತೆ ಅದನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇಯಬೇಕು. ಕುಂಚವು ಆಡಿನ ಅಥವಾ ಮುಂಗುಸಿಯಂಥ ಪ್ರಾಣಿಗಳ ಕೂದಲಿನದು. ಒತ್ತಿದರೆ ಗೆರೆ ದಪ್ಪ, ಎತ್ತಿದರೆ ಎಳೆಯಂತೆ ಸಣ್ಣ. ಕಾಗದವು ಮಸಿಯನ್ನು ಕೂಡಲೇ ಹೀರಿಕೊಳ್ಳುತ್ತದೆ. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಕೈ ಅಳುಕಿದ್ದರೆ ಆ ಅಳುಕು ಸಾವಿರ ವರ್ಷವಾದರೂ ಅಲ್ಲಿಯೇ ಕಾಣುತ್ತಿರುತ್ತದೆ.

ಈ ಕಾರಣದಿಂದಲೇ ಚೀನೀಯರು ಸುಂದರವಾದ ಬರವಣಿಗೆಯನ್ನು ಚಿತ್ರಕ್ಕೆ ಸಮಾನವಾಗಿ, ಎಷ್ಟೋ ವೇಳೆ ಚಿತ್ರಕ್ಕಿಂತ ಮಿಗಿಲಾಗಿ ಎಣಿಸಿದರು. ಕ್ರಿ. ಶ. ೩೫೩ರ ವಸಂತದಲ್ಲಿ ವಾಂಗ್ ಷೀಜಿ ಎಂಬ ಅಧಿಕಾರಿಯು ಮಿತ್ರರನ್ನು ಒಂದು ತೊರೆಯ ದಡದಲ್ಲಿ ಕೂಡಿಸಿದನು. ಮದ್ಯದ ಬಟ್ಟಲುಗಳು ನೀರಿನಲ್ಲಿ ತೇಲಿ ಬರುತ್ತಿದ್ದುವು. ಅತಿಥಿಗಳು ಪದ್ಯಗಳನ್ನು ಕಟ್ಟಿದರು. ಆ ಪದ್ಯಗಳಿಗೆ ವಾಂಗನು ಬರೆದ ಮುನ್ನುಡಿ ೨೮ ಸಾಲುಗಳದು. ಅದರಲ್ಲಿ ಒಂದೇ ಅಕ್ಷರವು ಸುಮಾರು ಇಪ್ಪತ್ತು ಸಾರಿ ಬರುತ್ತದೆ. ಪ್ರತಿಸಾರಿಯೂ ಅದರ ನಿಲವು ಬೇರೆ. ೬೪೯ರಲ್ಲಿ ತೀರಿಕೊಂಡ ತೈತ್ಸುಂಗ್ ಚಕ್ರವರ್ತಿಯು ಈ ಹಾಳೆಯ ಮೇಲಿನ ಮೋಹದಿಂದ ಅದನ್ನು ತನ್ನ ಸಮಾಧಿಗೇ ಕೊಂಡೊಯ್ದನೆಂದು ಪ್ರತೀತಿ. ಇಂದು ಉಳಿದಿರುವುವು ಪ್ರತಿಗಳು ಮಾತ್ರ. ನಮ್ಮ ಪಂಪನ ಕಾವ್ಯವೂ ಪ್ರತಿಗಳಿಂದಲೇ ಉಳಿದುದಷ್ಟೆ. ಆದರೆ ನಮ್ಮ ಲಿಪಿಕಾರರು ಉಳಿಸಿದುದು ಕವಿಯ ಮಾತನ್ನು. ಆತನ ಕೈಬರಹ ಹೇಗಿತ್ತೆಂಬುದು ನಮಗೆ ತಿಳಿಯದು. ಚೀನೀಯರು ಮಾತಿನೊಡನೆ ಕೈಯ ನಡೆಯನ್ನೂ ಉಳಿಸಲು ಶ್ರಮಪಟ್ಟರು.

ಈ ಶ್ರಮಕ್ಕೆ ಬೌದ್ಧರು ಒಂದು ಅಪೂರ್ವ ಸಾಕ್ಷ್ಯವನ್ನು ಬಿಟ್ಟುಹೋಗಿದ್ದಾರೆ. ಬಾದಾಮಿಯ ಚಾಲುಕ್ಯ ಪುಲಕೇಶಿಯ ಪರಾಕ್ರಮವನ್ನು ಹೊಗಳಿ ಬರೆದ ಹ್ಯೂಯೆನ್ ತ್ಸಾಂಗನ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆ ಭಿಕ್ಷುವು ೬೪೫ರಲ್ಲಿ ೬೫೭ ಗ್ರಂಥಗಳೊಡನೆ ಸ್ವದೇಶಕ್ಕೆ ಮರಳಿದನು. ಆತನ ಭಾಷಾಂತರಗಳಿಗೆ ಅದೇ ತೈತ್ಸುಂಗ್ ಚಕ್ರವರ್ತಿಯು ಮುನ್ನುಡಿಯನ್ನು ರಚಿಸಿದನು. ಅದನ್ನು ಕಲ್ಲಿನಲ್ಲಿ ಕೆತ್ತಿಸುವಾಗ ಹ್ವೈರೆನ್ ಎಂಬ ಭಿಕ್ಷುವಿಗೆ ವಾಂಗ್ ಷೀಜಿಯ ಕೈಬರಹವೇ ಬೇಕೆನಿಸಿತು. ವಾಂಗನು ಸತ್ತು ಮುನ್ನೂರು ವರ್ಷಗಳಾಗಿದ್ದುವು. ಹ್ವೈರೆನ್ ಆತನ ಉಳಿದ ಬರಹಗಳಿಂದ ಒಂದೊಂದೇ ಅಕ್ಷರವನ್ನು ಆಯ್ದನು. ದೊರೆಯದ ಅಕ್ಷರಗಳನ್ನು ದೊರೆತ ಭಾಗಗಳಿಂದ ಕೂಡಿಸಿದನು. ೬೭೨ರಲ್ಲಿ ನಿಂತ ಆ ಶಿಲೆ ಇಂದಿಗೂ ಷೀಆನ್ ನಗರದ ಶಿಲಾಶಾಸನಗಳ ಸಂಗ್ರಹಾಲಯದಲ್ಲಿದೆ.

ಪಿಂಗಾಣಿಯ ವಿಷಯ ದೊಡ್ಡದು. ಇಲ್ಲಿ ಕುಂಚಕ್ಕೆ ಸಂಬಂಧಪಟ್ಟಷ್ಟನ್ನು ಮಾತ್ರ ಹೇಳುತ್ತೇನೆ. ಜಿಂಗ್‌ಡೆಜೆನ್ ಊರಿನ ಕುಶಲಿಗಳು ಹದಿನಾಲ್ಕನೆಯ ಶತಮಾನದಲ್ಲಿ ಬಿಳಿಯ ಪಾತ್ರೆಗಳ ಮೇಲೆ ನೀಲಿಯ ಚಿತ್ರಗಳನ್ನು ಬರೆದು ಲೋಕಪ್ರಸಿದ್ಧರಾದರು. ಬೇಯದ ಮಣ್ಣಿನ ಮೇಲೆ ಕೋಬಾಲ್ಟ್ ಬಣ್ಣದಿಂದ ಬರೆದು, ಮೇಲೆ ಗಾಜಿನಂಥ ಲೇಪವನ್ನು ಕೊಟ್ಟು ಉಗ್ರವಾದ ಬೆಂಕಿಯಲ್ಲಿ ಸುಡುತ್ತಿದ್ದರು. ಒಣಗಿದ ಮಣ್ಣು ಕಾಗದದಂತೆಯೇ ಬಣ್ಣವನ್ನು ಹೀರುತ್ತದೆ. ಇಲ್ಲಿಯೂ ಎರಡನೆಯ ಯೋಚನೆಗೆ ಎಡೆಯಿಲ್ಲ.

ಕೊನೆಯದಾಗಿ ಒಂದು ಚಿತ್ರದ ಕಥೆ. ಹ್ವಾಂಗ್ ಗುಂಗ್‌ವಾಂಗನು ಫೂಚುನ್ ಬೆಟ್ಟಗಳ ಚಿತ್ರವೊಂದನ್ನು ಉದ್ದವಾದ ಸುರುಳಿಯಾಗಿ ಬರೆಯತೊಡಗಿ ಅದಕ್ಕೆ ೧೩೫೦ರಲ್ಲಿ ತನ್ನ ಟಿಪ್ಪಣಿಯನ್ನು ಸೇರಿಸಿದನು. ಆಗ ಆತನಿಗೆ ಎಂಬತ್ತರ ಮೇಲಾಗಿತ್ತು. ೧೬೫೦ರ ಸುಮಾರಿನಲ್ಲಿ ಅದರ ಒಡೆಯನು ಸಾಯುವ ಕಾಲಕ್ಕೆ ಅದನ್ನು ಬೆಂಕಿಗೆ ಹಾಕಿಸಿದನು; ಪ್ರಿಯವಾದುದು ತನ್ನೊಡನೆ ಬರಲೆಂದು ಆತನ ಆಸೆ. ಸಮೀಪದ ಬಂಧುವೊಬ್ಬನು ಬೇರೊಂದು ಸುರುಳಿಯನ್ನು ಬೆಂಕಿಗೆ ಎಸೆದು ಇದನ್ನು ಸೆಳೆದುಕೊಂಡನು. ಆ ವೇಳೆಗೆ ಅದು ಸುಟ್ಟು ಎರಡು ತುಂಡಾಗಿತ್ತು. ಮುಂದೆ ದೊಡ್ಡ ತುಂಡು ೧೭೪೬ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯ ಅರಮನೆಯನ್ನು ಸೇರಿತು. ಆದರೆ ಹಿಂದಿನ ವರ್ಷವೇ ಆತನ ಕೈಗೆ ಇದರ ನಕಲೊಂದು ಬಂದಿತ್ತು. ಅದನ್ನೇ ಮೂಲವೆಂದು ನಂಬಿದ್ದ ಆತನು ನಿಜವಾದುದನ್ನು ನಕಲೆಂದು ನಿರ್ಣಯಿಸಿದನು! ಮೆಚ್ಚಿದ ನಕಲಿನ ಮೇಲೆ ತನ್ನ ಬರಹಗಳನ್ನು ತುಂಬಿದನು. ಮೂಲವು ಅನಾದರದಿಂದಲೇ ಶುದ್ಧವಾಗಿ ಉಳಿಯಿತು. ಬೆಟ್ಟ, ಮರ, ದೋಣಿಗಳು ಎರಡರಲ್ಲಿಯೂ ಇದ್ದುವು. ಭೇದವಿದ್ದುದು ಕುಂಚದ ನಡೆಯಲ್ಲಿ. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಅದನ್ನು ಕಂಡು ತೀರ್ಪನ್ನು ತಿದ್ದಿದರು. ಇಂದು ಚಿಕ್ಕ ತುಂಡು ಚೀನದ ಹಾಂಗ್‌ಜೌ ನಗರದಲ್ಲಿಯೂ ದೊಡ್ಡದು ತೈವಾನಿನ ತೈಪೆಯಲ್ಲಿಯೂ ಇವೆ. ೨೦೧೧ರಲ್ಲಿ ಎರಡನ್ನೂ ತೈಪೆಯಲ್ಲಿ ಒಟ್ಟಿಗೆ ಪ್ರದರ್ಶಿಸಿದರು.

ಚಕ್ರವರ್ತಿಯೂ ಸೋತ ಈ ಪರೀಕ್ಷೆಯಲ್ಲಿ ನಾವು ಗೆಲ್ಲುವೆವೆಂದು ಹೇಳಲಾರೆ. ಆದರೆ ಮುಂದೆ ಎಲ್ಲಿಯಾದರೂ ಚೀನೀಯರ ಚಿತ್ರವೊಂದು ಕಣ್ಣಿಗೆ ಬಿದ್ದರೆ, ಇದು ಯಾವುದರ ಚಿತ್ರ ಎಂದು ಕೇಳಿ ಮುಂದೆ ಸಾಗಬಾರದು. ಕುಂಚವು ಎಲ್ಲಿ ಕಾಗದಕ್ಕೆ ಇಳಿಯಿತು, ಎಲ್ಲಿ ಒತ್ತಿತು, ಎಲ್ಲಿ ಹಾರಿತು ಎಂದು ಒಂದು ಗೆರೆಯನ್ನಾದರೂ ಮೊದಲಿನಿಂದ ಕೊನೆಯವರೆಗೆ ಅನುಸರಿಸಬೇಕು. ಹಾಗೆ ಅನುಸರಿಸಿದಷ್ಟು ಹೊತ್ತು, ಶತಮಾನಗಳ ಹಿಂದೆ ಬರೆದ ಕೈಯೊಡನೆ ನಮ್ಮ ಕಣ್ಣೂ ನಡೆಯುತ್ತಿರುತ್ತದೆ.