ದೈವಕ್ಕೆ ಮೈಕೊಡುವ ಕುಲಗಳು

ತುಳುನಾಡಿನಲ್ಲಿ ಭೂತ ಕಟ್ಟುವುದು, ಅಂದರೆ ದೈವದ ವೇಷ ತೊಟ್ಟು ಅದರ ಆವೇಶಕ್ಕೆ ಮೈಕೊಡುವುದು, ಮನಸ್ಸಾದವರೆಲ್ಲ ಮಾಡುವ ಕೆಲಸವಲ್ಲ. ಪಂಬದ, ಪರವ, ನಲಿಕೆ ಸಮುದಾಯಗಳಿಗೆ ಅದು ತಲೆತಲಾಂತರದಿಂದ ಬಂದ ಚಾಕ್ರಿ. ಉಡುಪಿ ಬಳಿಯ ಕಲ್ಯಾಣಪುರದ ಸೇತುವೆ ದಾಟಿ ಬ್ರಹ್ಮಾವರ, ಬಾರ್ಕೂರಿನ ಕಡೆ ಹೋದಂತೆ ಅದೇ ಕೆಲಸ ಪಾಣಾರರದು.

ಒಂದು ಕುಲವನ್ನೇ ಆರಾಧನೆಗೆ ಮೀಸಲಿಡುವುದು ಬೇರೆ ನಾಡುಗಳಲ್ಲೂ ಇತ್ತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಗೆ ಹೋಗುವವರಿಗೆ ಹಳೆಯ ಒಡಂಬಡಿಕೆಯ ಲೇವಿ ಕುಲ ಹೊಸದೇನಲ್ಲ. ಇಸ್ರಾಯೇಲಿನ ಕುಲಗಳು ನಾಡನ್ನು ಹಂಚಿಕೊಂಡಾಗ ಲೇವಿಯರಿಗೆ ಜಮೀನಿನ ಪಾಲು ಸಿಗಲಿಲ್ಲ. ಇರುವುದಕ್ಕೆ ಉಳಿದ ಕುಲಗಳ ಸೀಮೆಯೊಳಗೆ 48 ಊರು, ಉಣ್ಣುವುದಕ್ಕೆ ಅವರ ಬೆಳೆಯಲ್ಲಿ ಹತ್ತರಲ್ಲೊಂದು ಭಾಗ. ಲೇವಿಯರಲ್ಲೇ ಆರೋನನ ಸಂತತಿಯವರು ಬಲಿ ಅರ್ಪಿಸುವ ಯಾಜಕರು. ಉಳಿದವರು ದೇವಗುಡಾರ ಹೊರುವವರು, ಬಾಗಿಲು ಕಾಯುವವರು, ಹಾಡುವವರು.

ತುಳುನಾಡಿನಲ್ಲೂ ಬದುಕು ನಡೆದದ್ದು ಹೀಗೇ ಇನ್ನೊಬ್ಬರು ಕೊಡುವ ಪಾಲಿನಿಂದ. ಊರಿನ ಜಮೀನ್ದಾರರಾದ ಗುತ್ತಿನ ಮನೆಯಿಂದ ಅಕ್ಕಿ, ತೆಂಗಿನಕಾಯಿ, ವೀಳ್ಯದ ಹಣ. ಕೆಲವೆಡೆ ತುಂಡು ಉಂಬಳಿ ಜಾಗ. ಆದರೆ ಲೇವಿಯರಿಗಿದ್ದ ಗೌರವ ಇಲ್ಲಿ ಇರಲಿಲ್ಲ. ಭೂತ ಕಟ್ಟುವವರನ್ನು ಊರು ಅಸ್ಪೃಶ್ಯರೆಂದೇ ದೂರ ಇಟ್ಟಿತ್ತು. ದೈವದ ಉತ್ಸವವಾದ ಕೋಲದ ದಿನ, ಎಣ್ಣೆ-ವೀಳ್ಯದ ಎಣ್ಣೆಬೂಳ್ಯ ಪಡೆದು, ಸ್ನಾನ ಮಾಡಿ, ಕಲಾವಿದ ಮುಖಕ್ಕೆ ಹಳದಿ ಅರದಳ ಬಳಿದುಕೊಳ್ಳುತ್ತಾನೆ. ಪಕ್ಕದಲ್ಲಿ ಅವನ ಮನೆಯ ಹೆಂಗಸು ತೆಂಬರೆ ವಾದ್ಯ ಬಡಿಯುತ್ತ ದೈವದ ಕಥೆಯ ಹಾಡಾದ ಪಾಡ್ದನ ಹೇಳುತ್ತಿರುತ್ತಾಳೆ. ತೆಂಗಿನ ಎಳೆಗರಿಯ ಸಿರಿ ಸೊಂಟಕ್ಕೆ, ಪ್ರಭಾವಳಿಯಂಥ ಅಣಿ ಬೆನ್ನಿಗೆ ಏರುತ್ತವೆ. ಕಾಲಿಗೆ ಗೆಜ್ಜೆಯಂಥ ಗಗ್ಗರ ಬಿತ್ತೆಂದರೆ ಗುತ್ತಿನ ಯಜಮಾನ ಅವನೆದುರು ಕೈಮುಗಿದು ನಿಲ್ಲಬೇಕು. ದೈವ ಯಜಮಾನನನ್ನು ಹೆಸರು ಹಿಡಿದು ಕರೆದು ತಪ್ಪೊಪ್ಪು ವಿಚಾರಿಸುತ್ತದೆ. ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡವನು ಮತ್ತೆ ಅಂಗಳದಾಚೆ. ಇಂಥ ವಿಚಿತ್ರ ಒಪ್ಪಂದ ಲೋಕದಲ್ಲಿ ಅಪರೂಪ.

ಇವರ ಬಾಯಲ್ಲಿ ಉಳಿದ ಕಥೆಗಳಲ್ಲಿ ಕಲ್ಕುಡನದು ಎದೆ ಸುಡುವಂಥದು. ಶಿಲ್ಪಿ ಬೀರ ಕಲ್ಕುಡ ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ. ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಕಾರ್ಕಳವನ್ನು ಆಳುತ್ತಿದ್ದ ಭೈರರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಕಲ್ಕುಡ ಹಟ ಬಿಡಲಿಲ್ಲ. ಉಳಿದ ಒಂದೇ ಕೈ, ಒಂದೇ ಕಾಲಿನಿಂದ ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ಕಡೆದ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬಂದಳು, ಆ ಮೈಯನ್ನು ಕಂಡಳು. ಇಬ್ಬರೂ ಮಾಯವಾಗಿ ದೈವಗಳಾದರು. ಆಮೇಲೆ ಅರಸನ ಮನೆಗೆ ನೆಮ್ಮದಿ ಇರಲಿಲ್ಲ. ಶಾಸನಗಳ ಪ್ರಕಾರ ಕಾರ್ಕಳದ ಗೊಮ್ಮಟನಿಗೆ 1432, ವೇಣೂರಿನದಕ್ಕೆ 1604. ನಡುವೆ 172 ವರ್ಷ! ಪಾಡ್ದನಕ್ಕೆ ಆ ಲೆಕ್ಕ ಬೇಕಿಲ್ಲ. ಕೈ ಕಡಿಸಿಕೊಂಡವನು ಕಡಿಸಿದವನನ್ನು ಪ್ರಶ್ನಿಸಲು ಮರಳಿ ಬಂದ ಎಂಬುದೇ ಅದಕ್ಕೆ ಮುಖ್ಯ. ಹೊಲೆ, ಮೈಲಿಗೆ ಎಂದು ಊರು ದೂರವಿಟ್ಟವರೇ ಅದನ್ನು ಹಾಡಿಕೊಂಡು ಬಂದರು ಎಂಬುದು ಸುಮ್ಮನೆ ಅಲ್ಲ.

ಬಾಯಲ್ಲಿದ್ದ ಈ ಹಾಡುಗಳು ಅಚ್ಚಿಗೆ ಬಂದದ್ದು ತಡವಾಗಿ. ಬಾಸೆಲ್ ಮಿಷನ್ನಿನ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳು 1886ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದವು. ಬ್ರಿಟಿಷ್ ಅಧಿಕಾರಿ ಬರ್ನೆಲ್ ಬಿಟ್ಟುಹೋದ ಬರಹಗಳು 1894ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಬಂದವು. ಹಾಡಿದವರ ಹೆಸರು ಮಾತ್ರ ಓದುಗರ ನೆನಪಿನಲ್ಲಿ ಉಳಿಯಲಿಲ್ಲ.

ಪಾಲು ನಿಂತರೆ ಸೇವೆ ನಿಲ್ಲುತ್ತದೆ. ಲೇವಿಯರಿಗೂ ಹಾಗೇ ಆಗಿತ್ತು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಯೆಹೂದದ ಅಧಿಪತಿ ನೆಹೆಮೀಯ ಯೆರೂಸಲೇಮಿಗೆ ಮರಳಿದಾಗ ದೇವಾಲಯದಲ್ಲಿ ಲೇವಿಯರಿಲ್ಲ. ಜನ ದಶಮಾಂಶ ಕೊಟ್ಟಿರಲಿಲ್ಲ. ಹಾಡುವವರೂ ಸೇರಿ ಎಲ್ಲರೂ ತಮ್ಮ ತಮ್ಮ ಹೊಲಗಳಿಗೆ ಹೋಗಿದ್ದರು. ಅವನು ಅಧಿಕಾರಿಗಳನ್ನು ಗದರಿಸಿ ಲೇವಿಯರನ್ನು ಕರೆತಂದ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನೇ ಕೆಡವಿದ ಮೇಲೆ ಆ ಚಾಕ್ರಿಗೆ ಜಾಗವೇ ಉಳಿಯಲಿಲ್ಲ.

ತುಳುನಾಡಿನಲ್ಲಿ 1974ರ ಭೂಸುಧಾರಣೆಯ ನಂತರ ಗುತ್ತಿನ ಮನೆಗಳಿಗೆ ಬರುತ್ತಿದ್ದ ಗೇಣಿ ನಿಂತಿತು. ಗೇಣಿದಾರರಿಗೆ ಅದು ಬರಬೇಕಾದ ನ್ಯಾಯವೇ. ಆದರೆ ಅನೇಕ ಮನೆಗಳಿಗೆ ಕೋಲದ ಖರ್ಚು ಹೊರೆಯಾಯಿತು; ಮುಂದೆ ಊರ ಸಮಿತಿಗಳು ಆ ಹೊಣೆ ಹೊತ್ತವು. ಕೋಲಗಳು ಮುಗಿಯುವ ಪತ್ತನಾಜೆಯಿಂದ ದೀಪಾವಳಿಯವರೆಗೆ ಕೋಲವೇ ಇಲ್ಲದ ದಿನಗಳು ಮೊದಲೂ ಕಷ್ಟದವೇ. ಆಟಿ ತಿಂಗಳ ಜಡಿಮಳೆಯಲ್ಲಿ ನಲಿಕೆಯವರು ತಾಳೆಗರಿ ಕೊಡೆ ಹಿಡಿದು ಕಳೆಂಜ ಎಂಬ ದೈವದ ವೇಷದಲ್ಲಿ ಮನೆಮನೆಗೆ ಬಂದು ಅಕ್ಕಿ, ಉಪ್ಪು, ಹುಳಿ ಪಡೆಯುವುದು ಆ ಕೊರತೆಯ ದಿನಗಳಲ್ಲೇ.

2022ರಲ್ಲಿ ಭೂತಾರಾಧನೆಯ ಕಥೆಯ ‘ಕಾಂತಾರ’ ಚಿತ್ರ ತೆರೆಕಂಡ ಕೆಲವೇ ವಾರಗಳಲ್ಲಿ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಲೇವಿಯರಿಗೆ 50 ತುಂಬಿದೊಡನೆ ಭಾರದ ಕೆಲಸದಿಂದ ಬಿಡುಗಡೆ ಎಂದು ಮೋಶೆಯ ಕಟ್ಟಳೆಯಲ್ಲೇ ಇತ್ತು.